ಕೌಟಿಲ್ಯನ ಕೋಶಾಪಹಾರ ವಿಚಾರವೂ ಮೈಸೂರು ಸೀಮೆಯ ಶರತ್ತಿನ ಪದ್ಧತಿಯೂ

೧

ಅಧಿಕಾರದಲ್ಲಿರುವವನು ಪ್ರಜೆಗಳ ದ್ರವ್ಯವನ್ನು ಅಪಹರಿಸಿದನೆಂಬುದನ್ನು ಹೇಳಬೇಕಾದಾಗ ಕನ್ನಡಿಗರು ‘ಹಣ ತಿಂದನು’ ಎನ್ನುವರು. ಲಂಚವನ್ನೂ ತಿನ್ನುವುದೆಂದೇ ಹೇಳುವರು. ಸಂಸ್ಕೃತದ ಅರ್ಥಶಾಸ್ತ್ರಕಾರನೂ ಈ ಸಂದರ್ಭದಲ್ಲಿ ಭಕ್ಷಣಾರ್ಥಕವಾದ ಧಾತುವನ್ನೇ ಪ್ರಯೋಗಿಸಿರುವನು. ಆದರೆ ಲೋಕರೂಢಿಯಲ್ಲಿ ತಿಂದುದು ಹಣವೆಂದು ಮಾತ್ರ ಹೇಳಿ ಬಿಡುವುದುಂಟು. ಶಾಸ್ತ್ರಕಾರನಾದರೋ ತಿಂದುದು ಯಾರನ್ನು ಎಂಬ ಪ್ರಶ್ನೆಯನ್ನೂ ಎತ್ತಿ, ಅದಕ್ಕೆ ಮೂರು ಬಗೆಯ ಉತ್ತರಗಳನ್ನು ಕೊಟ್ಟಿರುವನು. ಈ ಮೂರರಲ್ಲಿ ಎರಡನೆಯದು ಮೈಸೂರು ದೇಶದ ಚರಿತ್ರೆಯಲ್ಲಿ ೧೮೧೧ರಿಂದ ೧೮೩೧ರ ವರೆಗಿನ ಇಪ್ಪತ್ತು ವರ್ಷಗಳ ವೃತ್ತಾಂತವನ್ನು ತಿಳಿಯುವುದಕ್ಕೆ ಬಹಳ ಸಹಾಯಕವಾದುದು.

ಕೌಟಿಲೀಯ ಅರ್ಥಶಾಸ್ತ್ರಕ್ಕೂ ಮೈಸೂರಿಗೂ ಇರುವ ಸಂಬಂಧವು ವಿದ್ವಾಂಸರಿಗೆ ವಿದಿತವಾಗಿಯೇ ಇದೆ. ಬಹುಕಾಲ ಹೆಸರು ಮಾತ್ರದಿಂದ ಪ್ರಸಿದ್ಧವಾಗಿದ್ದ ಈ ಗ್ರಂಥದ ಓಲೆಯ ಪ್ರತಿಯೊಂದನ್ನು ತಂಜಾವೂರು ಸೀಮೆಯ ಪಂಡಿತರೊಬ್ಬರು ಮೈಸೂರಿನ ಪ್ರಾಚ್ಯಕೋಶಾಗಾರಕ್ಕೆ ಒಪ್ಪಿಸಿದರು. ಅಲ್ಲಿದ್ದ ಆರ್. ಶಾಮಶಾಸ್ತ್ರಿಗಳು ಅದರ ಮಹತ್ವವನ್ನು ಕಂಡು ೧೯೦೫ರಿಂದ ಅದನ್ನು ಲೋಕಕ್ಕೆ ಪರಿಚಯಮಾಡಿಕೊಟ್ಟು, ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಅದರ ಸಂಪೂರ್ಣವಾದ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಆದ ಕಾರಣ ಮುಂದೆ ಹೇಳಲಾಗುವ ಮೈಸೂರಿನ ಅಧಿಕಾರಿಗಳ ಕೈಯಲ್ಲಿ ಈ ಗ್ರಂಥವಿರಲಿಲ್ಲವೆಂಬುದು ಸ್ಪಷ್ಟ. ಗ್ರಂಥವನ್ನು ಓದಿ ಮೀರಿದರೆಂದು ಅವರ ಮೇಲೆ ದೋಷವನ್ನು ಹೊರಿಸುವುದು ಇಲ್ಲಿಯ ಉದ್ದೇಶವಲ್ಲ. ಶಾಸ್ತ್ರವು ಯಾವುದನ್ನು ರೋಗವೆಂದು ಗುರುತಿಸಿತೋ ಅದನ್ನೇ ಒಂದು ರಾಜ್ಯವು ಆಡಳಿತದ ಪದ್ಧತಿಯನ್ನಾಗಿ ಮಾಡಿಕೊಂಡರೆ ಏನಾಗುವುದೆಂಬುದೇ ಇಲ್ಲಿ ವಿಚಾರಣೀಯವಾದ ವಿಷಯ.

೨

ಅರ್ಥಶಾಸ್ತ್ರದ ಎರಡನೆಯ ಅಧಿಕರಣವಾದ ಅಧ್ಯಕ್ಷಪ್ರಚಾರದಲ್ಲಿ ಏಳರಿಂದ ಒಂಬತ್ತರ ವರೆಗಿನ ಅಧ್ಯಾಯಗಳು ಈ ವಿಷಯಕ್ಕೆ ಮೀಸಲಾಗಿವೆ. ಕೋಶಕ್ಷಯಕ್ಕೆ ಅಲ್ಲಿ ಎಂಟು ಕಾರಣಗಳು ಹೇಳಲ್ಪಟ್ಟಿವೆ: ಪ್ರತಿಬಂಧ, ಪ್ರಯೋಗ, ವ್ಯವಹಾರ, ಅವಸ್ತಾರ, ಪರಿಹಾಪಣ, ಉಪಭೋಗ, ಪರಿವರ್ತನ, ಅಪಹಾರ. ಬರಬೇಕಾದುದನ್ನು ವಸೂಲುಮಾಡದೆ ತಡೆಯುವುದು ಪ್ರತಿಬಂಧ. ಬೊಕ್ಕಸದ ಹಣವನ್ನು ಬಡ್ಡಿಗೆ ಹಾಕುವುದು ಪ್ರಯೋಗ. ಅದರಿಂದ ವ್ಯಾಪಾರಮಾಡುವುದು ವ್ಯವಹಾರ. ಕಂತಿನ ಕಾಲವನ್ನು ಲಾಭದಾಸೆಯಿಂದ ಹಿಂದುಮುಂದುಮಾಡುವುದು ಅವಸ್ತಾರ. ಗೊತ್ತಾದ ಆದಾಯವನ್ನು ಇಳಿಸುವುದೂ ವ್ಯಯವನ್ನು ಏರಿಸುವುದೂ ಪರಿಹಾಪಣ. ರಾಜದ್ರವ್ಯವನ್ನು ತಾನು ಅನುಭವಿಸುವುದಾಗಲಿ ಇತರರಿಂದ ಅನುಭವಿಸಗೊಡುವುದಾಗಲಿ ಉಪಭೋಗ. ಅದನ್ನು ಬೇರೆ ದ್ರವ್ಯಕ್ಕೆ ಬದಲಾಯಿಸುವುದು ಪರಿವರ್ತನ. ಬಂದ ಆದಾಯವನ್ನು ಲೆಕ್ಕಕ್ಕೆ ಸೇರಿಸದಿರುವುದು, ಬರೆದ ವ್ಯಯವನ್ನು ಕೊಡದಿರುವುದು, ಕೈಯಲ್ಲಿರುವ ಶಿಲ್ಕನ್ನು ಇಲ್ಲವೆನ್ನುವುದು, ಇವು ಅಪಹಾರ. ಇದಕ್ಕೆ ದಂಡವು ಹನ್ನೆರಡು ಪಟ್ಟು.

ಇಷ್ಟಕ್ಕೇ ನಿಲ್ಲದೆ ಗ್ರಂಥಕಾರನು ಅಪಹರಣದ ನಲವತ್ತು ಉಪಾಯಗಳನ್ನು ಎಣಿಸುವನು. ಮೊದಲು ಬಂದುದನ್ನು ಆಮೇಲೆ ಬರೆಯುವುದು, ಸ್ವಲ್ಪ ಬಂದುದನ್ನು ಬಹಳವೆಂದೂ ಬಹಳ ಬಂದುದನ್ನು ಸ್ವಲ್ಪವೆಂದೂ ಬರೆಯುವುದು, ಒಂದು ಬಗೆಯ ವಸ್ತು ಬಂದರೆ ಮತ್ತೊಂದನ್ನು ಕಾಣಿಸುವುದು, ಒಬ್ಬನಿಗೆ ಸಲ್ಲಬೇಕಾದುದನ್ನು ಮತ್ತೊಬ್ಬನಿಗೆ ಸಲ್ಲಿಸುವುದು, ತೂಕ ಅಳತೆ ಎಣಿಕೆಗಳಲ್ಲಿ ವಂಚಿಸುವುದು ಮುಂತಾದ ಇವುಗಳಲ್ಲಿ ಬಹುಮಟ್ಟಿನವು ಬೀಗ ಮುರಿದು ಮಾಡುವ ಕಳವುಗಳಲ್ಲ. ಲೇಖನಿಯಿಂದ ಮಾಡುವ ಕಳವುಗಳು. ಆದ್ದರಿಂದಲೇ ನೀರಿನಲ್ಲಿರುವ ಮೀನು ಯಾವಾಗ ನೀರು ಕುಡಿಯಿತೆಂದು ತಿಳಿಯಲಾಗದಂತೆ ಅಧಿಕಾರಿಯ ಅಪಹಾರವನ್ನೂ ತಿಳಿಯಲಾಗದೆಂಬ ಪ್ರಸಿದ್ಧವಾದ ಉಪಮಾನವು ಈ ಪ್ರಕರಣದಲ್ಲಿ ಬಂದಿರುವುದು.

ಆದರೆ ತಿಳಿಯಲಾಗದೆಂದು ಶಾಸ್ತ್ರಕಾರನು ಕೈಚೆಲ್ಲಿ ಕುಳಿತವನಲ್ಲ. ಆಷಾಢ ಪೂರ್ಣಿಮೆಗೆ ವರ್ಷದ ಲೆಕ್ಕವು ಮುಗಿಯಬೇಕು. ಮುದ್ರೆಯೊತ್ತಿದ ಪುಸ್ತಕಗಳನ್ನೂ ಶಿಲ್ಕನ್ನೂ ತಂದ ಕರಣಿಕರು ತಮ್ಮತಮ್ಮೊಳಗೆ ಮಾತನಾಡಿಕೊಳ್ಳದಂತೆ ಪ್ರತ್ಯೇಕಿಸಲ್ಪಡಬೇಕು. ಸಂಶಯ ಬಂದಾಗ ಅಧಿಕಾರಿಯನ್ನೂ, ಭಂಡಾರವನ್ನು ಇಟ್ಟವನನ್ನೂ, ಬರೆದವನನ್ನೂ, ತೆಗೆದುಕೊಂಡವನನ್ನೂ, ಕೊಟ್ಟವನನ್ನೂ, ಕೊಡಿಸಿದವನನ್ನೂ, ಮಂತ್ರಿಯ ಪರಿಚಾರಕನನ್ನೂ ಒಬ್ಬೊಬ್ಬರನ್ನಾಗಿ ಕೇಳಬೇಕು. ಅನಂತರ ಆ ಅಧಿಕಾರಿಯಿಂದ ಬಾಧಿತರಾದವರು ಬಂದು ತಿಳಿಸಬಹುದೆಂದು ಜನಪದದಲ್ಲಿ ಸಾರಿಸಿ, ತಿಳಿಸಿದವರಿಗೆ ನಷ್ಟವಾದಷ್ಟನ್ನು ಕೊಡಿಸಬೇಕು. ಅಪಹಾರವನ್ನು ಸೂಚಿಸಿ ಸಾಧಿಸಿದವನಿಗೆ ಆರರಲ್ಲಿ ಒಂದು ಪಾಲು. ಅವನು ಆ ಅಧಿಕಾರಿಯ ಭೃತ್ಯನೇ ಆದರೆ ಹನ್ನೆರಡರಲ್ಲಿ ಒಂದು ಪಾಲು. ಸಾಧಿಸಲಾರದವನಾದರೋ ದಂಡ್ಯನು. ಈ ವಿಧಿಗಳಲ್ಲಿ ಸಾರಿಸುವ ವಿಧಿಯು ಅತ್ಯಂತ ಗಮನಾರ್ಹವಾದುದು. ಪುಸ್ತಕದಲ್ಲಿ ಕಾಣದ ಕಳವು ಪ್ರಜೆಯ ಬಾಯಲ್ಲಿ ಕಾಣುವುದೆಂಬುದೇ ಅದರ ತಾತ್ಪರ್ಯ.

ಇನ್ನು ಆರಂಭದಲ್ಲಿ ಹೇಳಿದ ಮೂರು ಬಗೆಗಳು. ಆದಾಯವನ್ನು ಕಡಿಮೆಮಾಡುವವನು ರಾಜನ ಸ್ವತ್ತನ್ನು ತಿನ್ನುವನು. ಆದಾಯವನ್ನು ಇಮ್ಮಡಿಯಾಗಿ ತರುವವನು ಜನಪದವನ್ನು ತಿನ್ನುವನು. ಆದಾಯವನ್ನೆಲ್ಲ ವ್ಯಯಮಾಡಿ ತೋರಿಸುವವನು ಕೆಲಸಗಾರರ ದುಡಿಮೆಯನ್ನು ತಿನ್ನುವನು. ಮೊದಲನೆಯವನನ್ನು ಎಲ್ಲ ರಾಜ್ಯಗಳೂ ದಂಡಿಸುವುವು. ಎರಡನೆಯವನನ್ನು ಮಾತ್ರ ಅನೇಕ ರಾಜ್ಯಗಳು ಸಮರ್ಥನೆಂದು ಹೊಗಳಿ ಶಾಲುಹೊದಿಸುವುವು. ಕೌಟಿಲ್ಯನು ಅವನನ್ನೂ ಅಪರಾಧಿಗಳ ಸಾಲಿನಲ್ಲಿಯೇ ನಿಲ್ಲಿಸಿರುವುದು ಶಾಸ್ತ್ರದ ಸೂಕ್ಷ್ಮದೃಷ್ಟಿಗೆ ಸಾಕ್ಷಿಯಾಗಿದೆ.

೩

ಶ್ರೀರಂಗಪಟ್ಟಣವು ೧೭೯೯ರಲ್ಲಿ ಪತನವಾದಮೇಲೆ ಮುಮ್ಮಡಿ ಕೃಷ್ಣರಾಜ ಒಡೆಯರವರು ಬಾಲ್ಯದಲ್ಲಿಯೇ ಸಿಂಹಾಸನವನ್ನೇರಿದರು; ರಾಜ್ಯಭಾರವು ದಿವಾನ್ ಪೂರ್ಣಯ್ಯನವರ ಕೈಯಲ್ಲಿತ್ತು. ಆ ವರ್ಷದ ಒಪ್ಪಂದದಂತೆ ಮೈಸೂರು ಸಂಸ್ಥಾನವು ಕುಂಪಣಿಯ ಸೈನ್ಯದ ವೆಚ್ಚಕ್ಕಾಗಿ ವರ್ಷಕ್ಕೆ ೭ ಲಕ್ಷ ನಕ್ಷತ್ರ ವರಹಗಳನ್ನು, ಅಂದರೆ ಇಪ್ಪತ್ತನಾಲ್ಕೂವರೆ ಲಕ್ಷ ರೂಪಾಯಿಗಳನ್ನು, ಕೊಡಬೇಕಾಗಿತ್ತು. ಪೂರ್ಣಯ್ಯನವರು ೧೮೧೧ರಲ್ಲಿ ಅಧಿಕಾರವನ್ನು ಬಿಟ್ಟುಕೊಟ್ಟಾಗ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗಳಿಗೂ ಮಿಕ್ಕ ಸಂಚಯವಿತ್ತೆಂದು ಮೈಸೂರಿನ ಗೆಜೆಟಿಯರು ಹೇಳುತ್ತದೆ. ಕೆಲವೇ ವರ್ಷಗಳಲ್ಲಿ ಅದು ಕರಗಿತು. ಪಿತ್ರಾರ್ಜಿತವನ್ನು ಅನ್ಯಾಯವಾಗಿ ಕಳೆಯುವವನನ್ನು ಮೂಲಹರನೆಂದೂ, ಬಂದಬಂದುದನ್ನು ಆಗಲೇ ಮುಗಿಸುವವನನ್ನು ತಾದಾತ್ವಿಕನೆಂದೂ ಅರ್ಥಶಾಸ್ತ್ರವು ಕರೆಯುವುದು. ಅರಮನೆಯ ಆಶ್ರಿತರೂ ಪ್ರೀತಿಪಾತ್ರರೂ ಸೇರಿ ಈ ಎರಡು ದೋಷಗಳನ್ನೂ ಆಸ್ಥಾನಕ್ಕೆ ತಂದರು. ದೊಡ್ಡ ಅಧಿಕಾರಗಳು ಹೆಚ್ಚು ಹಣ ಕೊಟ್ಟವರ ಪಾಲಾದುವು.

ಕರಗಿದ ಕೋಶವನ್ನು ತುಂಬಲು ನೆರವಾದ ಸಾಧನವೇ ಶರತ್ತಿನ ಪದ್ಧತಿ. ಇದರ ಮೂಲವು ಪೂರ್ಣಯ್ಯನವರ ಕಾಲದಲ್ಲಿಯೇ ಇತ್ತು. ಅದು ಪ್ರಬಲವಾಗಿ ಬೆಳೆದುದು ಅನಂತರ. ಅಮಲ್ದಾರನು ತನ್ನ ತಾಲ್ಲೂಕಿನಿಂದ ಇಷ್ಟು ಹಣವನ್ನು ಕೂಡಿಸಿ ಕೊಡುವೆನೆಂದು ಮುಚ್ಚಳಿಕೆ ಬರೆದುಕೊಡುತ್ತಿದ್ದನು. ವಸೂಲು ಕಡಿಮೆಯಾದರೆ ಅದನ್ನು ಅವನೇ ತುಂಬಿಕೊಡಬೇಕು. ಹೆಚ್ಚಾದರೆ ಹೆಚ್ಚಾದುದೂ ಸರಕಾರಕ್ಕೆ ಸೇರಬೇಕು. ಗೊತ್ತುಮಾಡುವ ಮೊತ್ತವಾದರೋ ಸಾಮಾನ್ಯವಾಗಿ ಹಿಂದಿನ ವರ್ಷಕ್ಕಿಂತ ಹೆಚ್ಚಾಗಿಯೇ ಇರುತ್ತಿತ್ತು. ರೈತರನ್ನು ಪೀಡಿಸುವುದಿಲ್ಲ, ಹೊಸ ತೆರಿಗೆಯನ್ನು ಹಾಕುವುದಿಲ್ಲ, ಸರಕಾರದ ಪಾಲಿನ ಧಾನ್ಯವನ್ನು ಬಲಾತ್ಕಾರದಿಂದ ಅವರಿಗೆ ಮಾರುವುದಿಲ್ಲ ಎಂದು ಅದೇ ಮುಚ್ಚಳಿಕೆಯಲ್ಲಿ ಬರೆದಿರುತ್ತಿತ್ತು. ಇವುಗಳನ್ನು ಮೀರಿದನೆಂದು ದೂರು ಬಂದರೆ ಮಾತ್ರ ಕೇಳುವವರಿರಲಿಲ್ಲ.

ಈ ಪದ್ಧತಿಯನ್ನು ಶಾಸ್ತ್ರದೊಡನೆ ಹೋಲಿಸಿದರೆ ಅದರ ಸ್ವರೂಪವು ಬಯಲಾಗುವುದು. ಕಂದಾಯವನ್ನು ಕಡಿಮೆಮಾಡಿ ರಾಜನನ್ನು ತಿನ್ನುವವನ ದಾರಿಯು ಇಲ್ಲಿ ಭದ್ರವಾಗಿ ಮುಚ್ಚಲ್ಪಟ್ಟಿತ್ತು. ಜನಪದವನ್ನು ತಿನ್ನುವವನ ದಾರಿಯು ತೆರೆದಿದ್ದುದು ಮಾತ್ರವಲ್ಲ, ಅದರಲ್ಲಿ ನಡೆಯಲೇಬೇಕೆಂಬ ಕಟ್ಟಳೆಯಾಗಿತ್ತು. ಮಳೆ ಹೋದ ವರ್ಷದಲ್ಲಿ ಕೊರತೆಯನ್ನು ಅಮಲ್ದಾರನು ತನ್ನ ಮನೆಯಿಂದ ತುಂಬುವನೆಂದು ಯಾರೂ ನಂಬುವಂತಿರಲಿಲ್ಲ. ಅಧಿಕಾರಕ್ಕೆ ಬೆಲೆ ಕೊಟ್ಟು ಬಂದವನು ಆ ಬೆಲೆಯನ್ನೂ ಒಕ್ಕಲಿನಿಂದಲೇ ತೆಗೆಯಬೇಕಾಗಿತ್ತು. ಸಮಾಹರ್ತೃವಿಗೆ ೨೪,೦೦೦ ಪಣಗಳ ವೇತನವನ್ನು ವಿಧಿಸಿದ ಶಾಸ್ತ್ರಕಾರನು ದೊಡ್ಡ ಅಧಿಕಾರಿಯನ್ನು ತೃಪ್ತನನ್ನಾಗಿಟ್ಟು ಕೆಲಸ ತೆಗೆಯಬೇಕೆಂದು ಬಗೆದನು; ಇಲ್ಲಿ ಅಧಿಕಾರಿಯೇ ಪದವಿಗಾಗಿ ಹಣ ತೆರುತ್ತಿದ್ದನು. ಹೀಗಿದ್ದರೂ ಲೆಕ್ಕದ ಪುಸ್ತಕವು ಶುದ್ಧವಾಗಿಯೇ ಕಾಣಬಹುದಾಗಿತ್ತು. ಗೊತ್ತಾದ ಮೊತ್ತವು ಬಂದಿರುವಾಗ ಅಪಹಾರವೆಲ್ಲಿಯದು?

೪

ಈ ಪ್ರಶ್ನೆಗೆ ನಗರದ ಸೀಮೆಯು ಉತ್ತರವನ್ನು ಕೊಟ್ಟಿತು. ಹಿಂದೆ ಕೆಳದಿಯ ನಾಯಕರಿಗೆ ಸೇರಿದ್ದ ಆ ಮಲೆನಾಡಿನಲ್ಲಿ ಅಣ್ಣಿಗೇರಿಯ ಮೂಲದ ಫೌಜುದಾರ ರಾಮರಾಯನೂ ಅವನ ನಂಟರಿಷ್ಟರೂ ಬಹುಕಾಲ ಅಧಿಕಾರಗಳನ್ನು ಹಿಡಿದಿದ್ದರು. ಅಧಿಕಾರಸ್ಥಾನಗಳು ಬಹುಮುಖ್ಯವೂ ಅನಿತ್ಯವೂ ಆಗಿರಬೇಕು, ಅಂದರೆ ಹಲವರ ಕೈಯಲ್ಲಿರಬೇಕು ಮತ್ತು ಬಹುಕಾಲ ಒಬ್ಬರಲ್ಲಿಯೇ ನಿಲ್ಲಬಾರದು. ಅಧಿಕಾರಿಗಳು ಒಂದುಗೂಡಿದರೆ ತಿನ್ನುವರು, ಜಗಳವಾಡಿದರೆ ಕೆಡಿಸುವರು ಎಂಬುದು ಅರ್ಥಶಾಸ್ತ್ರದ ಅಭಿಪ್ರಾಯ. ನಗರದಲ್ಲಿ ಮೊದಲು ಒಂದುಗೂಡುವಿಕೆಯೂ ಆಮೇಲೆ ಜಗಳವೂ ನಡೆದುವು. ೧೮೨೮ರ ಸುಮಾರಿಗೆ ಫೌಜುದಾರನಾಗಿ ಬಂದ ವೀರರಾಜೇ ಅರಸನು ಹಿಂದಿನವರು ಕೊಟ್ಟಿದ್ದ ವಜಾಗಳನ್ನು ಮತ್ತೆ ತನಿಖೆಗೆ ತೆಗೆದುಕೊಂಡನು. ತನಿಖೆಯು ತಕ್ಕುದೇ ಆಗಿದ್ದಿರಬಹುದು. ಆದರೆ ಶಾಸ್ತ್ರದ ಪ್ರಕಾರ ಪರಿಹಾಪಣದ ದಂಡವು ಅಧಿಕಾರಿಗೆ ಸಲ್ಲತಕ್ಕದ್ದು. ಇಲ್ಲಿ ಹಳೆಯ ಬಾಕಿಯ ಭಯವು ರೈತನ ಬಾಗಿಲಿಗೆ ಬಂದಿತು. ಪದವಿಯನ್ನು ಕಳೆದುಕೊಂಡ ಪಕ್ಷದವರಿಗೂ ಆ ಅಸಮಾಧಾನವು ಅನುಕೂಲವಾಗಿಯೇ ಪರಿಣಮಿಸಿತು.

೧೮೩೦ರಲ್ಲಿ ರೈತರು ಊರೂರುಗಳಲ್ಲಿ ಕೂಟಗಳನ್ನು ಸೇರಿದರು. ಕೆಳದಿಯ ವಂಶಕ್ಕೆ ತಾನೇ ಉತ್ತರಾಧಿಕಾರಿಯೆಂದು ಹೇಳಿಕೊಂಡ ಬೂದಿ ಬಸವಪ್ಪನು ಅವರ ನಾಯಕನಾಗಿ ನಿಂತನು. ತರೀಕೆರೆಯ ಪಾಳೆಯಗಾರನೂ ಸೇರಿಕೊಂಡನು. ಸಾರಿಸಿ ಕೇಳಬೇಕಾಗಿದ್ದ ದೂರನ್ನು ಯಾರೂ ಕೇಳದೆ ಹೋದುದರಿಂದ ಅದು ದಂಗೆಯ ರೂಪವನ್ನು ತಾಳಿತು. ಕುಂಪಣಿಯ ಸೈನ್ಯವು ಬಂದು ೧೮೩೧ರ ಮಧ್ಯದಲ್ಲಿ ನಗರವನ್ನು ಹಿಡಿಯಿತು. ಮದರಾಸಿನ ಗವರ್ನರಾಗಿದ್ದ ಸರ್ ಥಾಮಸ್ ಮನ್ರೋ ೧೮೨೫ರಲ್ಲಿಯೇ ಮೈಸೂರಿಗೆ ಬಂದು ಎಚ್ಚರಿಕೆಯನ್ನು ಹೇಳಿ ಹೋಗಿದ್ದನು. ಈಗ ಗವರ್ನರ್ ಜನರಲ್ ಬೆಂಟಿಂಕನು ೧೭೯೯ರ ಒಪ್ಪಂದವನ್ನು ಮುಂದಿಟ್ಟು ೧೮೩೧ರ ಅಕ್ಟೋಬರಿನಲ್ಲಿ ರಾಜ್ಯಭಾರವನ್ನು ಕುಂಪಣಿಯ ಕೈಗೆ ತೆಗೆದುಕೊಂಡನು. ಆ ಒಪ್ಪಂದದ ವಿಧಿಯ ಕಣ್ಣೂ ಮುಖ್ಯವಾಗಿ ಸೈನ್ಯದ ಹಣವು ನಿಲ್ಲದಿರಲೆಂಬುದರ ಮೇಲಿತ್ತು. ಪ್ರತಿವರ್ಷವೂ ಆ ಹಣವು ಎಲ್ಲಿಂದ ಹೇಗೆ ಹುಟ್ಟುತ್ತಿತ್ತೆಂಬುದನ್ನು ಅದು ಕೇಳಲಿಲ್ಲ. ಆದ್ದರಿಂದ ದೋಷದಲ್ಲಿ ಕುಂಪಣಿಗೂ ಪಾಲುಂಟೆಂದು ಹೇಳಬೇಕಾಗಿದೆ.

ಹಾಕರ್, ಮಾರಿಸನ್, ಮೆಕ್ಲಾಯ್ಡ್, ಕಬ್ಬನ್ ಎಂಬ ನಾಲ್ವರ ಸಮಿತಿಯು ೧೮೩೩ರಲ್ಲಿ ಈ ವಿಷಯವನ್ನೆಲ್ಲ ವಿಚಾರಿಸಿ ವರದಿಯನ್ನು ಒಪ್ಪಿಸಿತು. ತಾನು ಮಾಡಿದುದು ಸರಿಯೇ ಎಂಬ ಸಂದೇಹವು ಬೆಂಟಿಂಕನಿಗೇ ಅನಂತರ ಹುಟ್ಟಿತು. ಆದರೆ ವಿಲಾಯತಿಯ ಡೈರೆಕ್ಟರುಗಳು ರಾಜ್ಯವನ್ನು ಹಿಂದಿರುಗಿಸಲು ಒಪ್ಪಲಿಲ್ಲ. ಮಹಾರಾಜರವರಿಗೆ ವರ್ಷಕ್ಕೆ ಒಂದು ಲಕ್ಷ ನಕ್ಷತ್ರ ವರಹಗಳೂ ನಿವ್ವಳ ಆದಾಯದ ಐದರಲ್ಲಿ ಒಂದು ಪಾಲೂ ಸಲ್ಲುತ್ತಿದ್ದುವು. ವಿದ್ಯಾಪೋಷಕರಾಗಿಯೂ ಕವಿಪಂಡಿತರ ಆಶ್ರಯದಾತರಾಗಿಯೂ ಕೀರ್ತಿವಂತರಾಗಿದ್ದ ಆ ಪ್ರಭುಗಳು ರಾಜ್ಯವು ಮರಳಿ ಬರುವುದನ್ನು ಕಾಣದೆಯೇ ೧೮೬೮ರಲ್ಲಿ ಸ್ವರ್ಗಸ್ಥರಾದರು. ಅದು ೧೮೮೧ರಲ್ಲಿ ಅವರ ದತ್ತುಪುತ್ರರಾದ ಚಾಮರಾಜೇಂದ್ರ ಒಡೆಯರವರಿಗೆ ಮರಳಿತು. ಆಶ್ರಿತರು ತಿಂದುದಕ್ಕೆ ಅರಸು ಮನೆತನವು ಐವತ್ತು ವರ್ಷಗಳ ಅಧಿಕಾರವನ್ನು ತೆತ್ತಂತಾಯಿತು.

ಆ ಮಧ್ಯಕಾಲದಲ್ಲಿ ೧೮೩೪ರಿಂದ ೧೮೬೧ರ ವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ೭೬೯ ಬಗೆಯ ಚಿಲ್ಲರೆ ತೆರಿಗೆಗಳು ರದ್ದಾದುವೆಂದು ಗೆಜೆಟಿಯರಿನಿಂದ ತಿಳಿಯುತ್ತದೆ. ಇವುಗಳೆಲ್ಲವೂ ಶರತ್ತಿನ ಕಾಲದಲ್ಲಿ ಹುಟ್ಟಿದುವಲ್ಲ. ಆದರೂ ಒಕ್ಕಲಿನ ಮೇಲೆ ಎಷ್ಟು ಕೈಗಳು ಬೀಳಬಹುದಾಗಿತ್ತೆಂಬುದನ್ನು ಈ ಸಂಖ್ಯೆಯು ತೋರಿಸುವುದು.

ಈ ವೃತ್ತಾಂತದಿಂದ ಏರ್ಪಡುವ ಸಿದ್ಧಾಂತವಿಷ್ಟು. ಬೊಕ್ಕಸಕ್ಕೆ ಬಂದ ಹಣವನ್ನು ಮಾತ್ರ ಎಣಿಸುವ ರಾಜ್ಯವು ಅರ್ಧದಷ್ಟು ಅಪಹಾರವನ್ನು ಮಾತ್ರ ಕಾಣುವುದು. ಉಳಿದ ಅರ್ಧವು ಹೆಚ್ಚು ವಸೂಲಿಯ ರೂಪದಲ್ಲಿ, ಸಾಮರ್ಥ್ಯವೆಂಬ ಹೆಸರಿನಲ್ಲಿ, ಬಹುಮಾನವನ್ನೂ ಪಡೆದು ನಡೆದುಹೋಗುವುದು. ಅದನ್ನು ಬಲ್ಲವನು ತೆತ್ತವನೊಬ್ಬನೇ. ಆದ ಕಾರಣ ಲೆಕ್ಕಪರಿಶೋಧನೆಯ ಕೊನೆಯ ಸಾಕ್ಷಿಯು ಕರಣಿಕನಲ್ಲ, ಪ್ರಜೆಯು. ಅವನನ್ನು ಸಾರಿಸಿ ಕರೆಯಬೇಕೆಂದು ಶಾಸ್ತ್ರವು ವಿಧಿಸಿತು. ಕರೆಯದಿದ್ದರೆ ಅವನು ಕೂಟಕಟ್ಟಿಕೊಂಡು ತಾನಾಗಿಯೇ ಬರುವನೆಂಬುದನ್ನು ನಗರದ ಸೀಮೆಯು ತೋರಿಸಿತು.