ಆದ್ಯತೆ ಯಾರದು? ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು: ಸಣ್ಣ ಪಟ್ಟಣಗಳ ಆಯವ್ಯಯದ ಚರಿತ್ರೆ

ಸಣ್ಣ ಪಟ್ಟಣವೊಂದರ ಬಜೆಟ್ ಸಭೆಯ ಸುದ್ದಿ ಪ್ರತಿ ವರ್ಷ ಫೆಬ್ರವರಿ–ಮಾರ್ಚ್‌ನಲ್ಲಿ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಬರುತ್ತದೆ. ಇಷ್ಟು ಕೋಟಿಯ ಆಯವ್ಯಯ, ಇಷ್ಟು ಲಕ್ಷದ ಉಳಿತಾಯ, ರಸ್ತೆ–ಚರಂಡಿಗೆ ಒತ್ತು, ಕುಡಿಯುವ ನೀರಿಗೆ ಆದ್ಯತೆ. ಊರಿನ ಹೆಸರು ಮತ್ತು ಅಂಕಿ ಬದಲಾದರೂ ಸುದ್ದಿಯ ಹುರುಳು ಬದಲಾಗುವುದಿಲ್ಲ. ಮಳೆ ಕೈಕೊಡುವ ಜಗಳೂರಿಗೂ, ತುಂಗಭದ್ರೆಯ ದಡದ ಹೊನ್ನಾಳಿಗೂ, ಅಡಿಕೆಯ ವಹಿವಾಟಿನ ಚನ್ನಗಿರಿಗೂ, ಮಲೆನಾಡಿನ ಅಂಚಿನ ಹಳೆಯ ವ್ಯಾಪಾರದ ಪೇಟೆ ನ್ಯಾಮತಿಗೂ ಅಗತ್ಯಗಳು ಬೇರೆ ಬೇರೆ. ಹಾಗಿದ್ದೂ ಆಯವ್ಯಯದ ಹಾಳೆಗಳು ಅಣ್ಣತಮ್ಮಂದಿರಂತೆ ಒಂದನ್ನೊಂದು ಹೋಲುವುದೇಕೆ? ಇದಕ್ಕೆ ಸದಸ್ಯರ ಉದಾಸೀನವನ್ನು ದೂರಿದರೆ ಅರ್ಧ ಉತ್ತರವೂ ಸಿಗುವುದಿಲ್ಲ. ಕಾರಣ ನೂರೈವತ್ತು ವರ್ಷಗಳ ಪೌರಾಡಳಿತದ ಚರಿತ್ರೆಯಲ್ಲಿದೆ. ಪಟ್ಟಣದ ಹಣ ಎಲ್ಲಿಂದ ಬರುತ್ತದೆ ಎಂಬುದು ಬದಲಾದಂತೆಲ್ಲ, ಅದನ್ನು ಎಲ್ಲಿಗೆ ಹಾಕಬೇಕೆಂದು ಹೇಳುವವರೂ ಬದಲಾದರು ಎಂಬುದು ಈ ಲೇಖನದ ವಾದ.

ಮೈಸೂರು ಸಂಸ್ಥಾನದಲ್ಲಿ ಪೌರಾಡಳಿತ ಬೇರೂರಿದ್ದು ಬ್ರಿಟಿಷ್ ಕಮಿಷನರ್ ಆಡಳಿತದ ಕಾಲದಲ್ಲಿ. 1850ರ 26ನೆಯ ಕಾಯ್ದೆಯನ್ನು ಆಧರಿಸಿ 1862ರಲ್ಲಿ ಬೆಂಗಳೂರಿನಲ್ಲಿ ಪುರಸಭೆ ರೂಪುಗೊಂಡಿತು. ಮುಂದೆ ಜಿಲ್ಲಾ ಕೇಂದ್ರಗಳಿಗೆ, ಆಮೇಲೆ ತಾಲ್ಲೂಕು ಕೇಂದ್ರಗಳಿಗೆ ಈ ಏರ್ಪಾಡು ಹಬ್ಬಿತು. 1906ರ ಮೈಸೂರು ಮುನಿಸಿಪಲ್ ರೆಗ್ಯುಲೇಷನ್, 1933ರ ಪಟ್ಟಣ ಪುರಸಭೆಗಳ ಕಾಯ್ದೆ, ಸ್ವಾತಂತ್ರ್ಯಾನಂತರ 1951ರ ಕಾಯ್ದೆ ಇದರ ಮುಖ್ಯ ಘಟ್ಟಗಳು. ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ನ್ಯಾಮತಿ ಹೊನ್ನಾಳಿ ತಾಲ್ಲೂಕಿನೊಳಗಿತ್ತು, ಜಗಳೂರು ಚಿತ್ರದುರ್ಗಕ್ಕೆ ಸೇರಿತ್ತು. ಹೀಗಾಗಿ ನಾಲ್ಕೂ ಊರುಗಳು ಮೈಸೂರಿನ ಕಾನೂನಿನಡಿಯಲ್ಲೇ ಬೆಳೆದವು. ಜಗಳೂರಿಗೆ ಮಗ್ಗುಲಲ್ಲೇ ಇರುವ ಹರಪನಹಳ್ಳಿ ಮಾತ್ರ ಬಳ್ಳಾರಿಯೊಂದಿಗೆ 1953ರವರೆಗೂ ಮದರಾಸಿನಲ್ಲಿತ್ತು. ಏಕೀಕರಣವಾದಾಗ ರಾಜ್ಯದ ಒಂದೊಂದು ಭಾಗಕ್ಕೆ ಒಂದೊಂದು ಪೌರ ಕಾನೂನು ಇತ್ತು. ಅವನ್ನೆಲ್ಲ ಒಗ್ಗೂಡಿಸಿದ್ದು ಇಂದಿಗೂ ಚಾಲ್ತಿಯಲ್ಲಿರುವ 1964ರ ಪೌರಸಭೆಗಳ ಕಾಯ್ದೆ.

ಆರಂಭದ ಆ ಸಭೆಗಳನ್ನು ಜನಪ್ರತಿನಿಧಿಗಳ ಸಭೆಗಳೆಂದು ಬಗೆಯುವುದು ಸರಿಯಲ್ಲ. ಸಣ್ಣ ಊರುಗಳಲ್ಲಿ ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರರೇ ಅಧ್ಯಕ್ಷರಾಗಿರುತ್ತಿದ್ದರು, ಸದಸ್ಯರಲ್ಲಿ ಹಲವರು ಸರ್ಕಾರದ ನಾಮನಿರ್ದೇಶಿತರು. ಯಾವ ಬೀದಿಗೆ ದೀಪ, ಯಾವ ಬಾವಿಗೆ ದುರಸ್ತಿ ಎಂಬುದು ಅಧಿಕಾರಿಯ ಮಾತಿನಂತೆ ನಡೆಯುತ್ತಿತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದ ಮೇಲೆ ತಾಲ್ಲೂಕುಗಳ ಕುಂದುಕೊರತೆಗಳನ್ನು ಮೈಸೂರಿನಲ್ಲಿ ಹೇಳಿಕೊಳ್ಳಲು ಒಂದು ವೇದಿಕೆಯಂತೂ ಸಿಕ್ಕಿತು. ಅಲ್ಲಿ ಅಹವಾಲು ಹೇಳಬಹುದಿತ್ತು, ಹಣದ ಮೇಲೆ ಹಿಡಿತವಿರಲಿಲ್ಲ.

ಆ ಕಾಲದ ಪುರಸಭೆಗೆ ಇಂದಿನವಕ್ಕೆ ಇಲ್ಲದ ಒಂದು ಬಲವಿತ್ತು. ಅದು ಜಕಾತಿ. ಊರಿನ ಬಾಯಿಗಳಲ್ಲಿ ನಾಕಾ ಕಟ್ಟೆ, ಒಳಗೆ ಬರುವ ಗಾಡಿಯ ಸರಕಿಗೆ ಸುಂಕ. ವ್ಯಾಪಾರವಿದ್ದ ಊರುಗಳಿಗೆ ಅತಿ ದೊಡ್ಡ ಸ್ವಂತ ಆದಾಯ ಇದೇ. ಜಕಾತಿಯ ದೋಷಗಳು ಸಣ್ಣವಲ್ಲ. ನಾಕಾಗಳಲ್ಲಿ ಲಂಚ, ಗಾಡಿಗಳ ಸಾಲು, ಬಡವರು ಉಣ್ಣುವ ವಸ್ತುವಿನ ಮೇಲೂ ಹೊರೆ. ಆದರೂ ಅದು ಪಟ್ಟಣ ತಾನೇ ಎತ್ತಿದ ಹಣ. ಸಂತೆ ಜೋರಾದರೆ ಬೊಕ್ಕಸ ತುಂಬುತ್ತಿತ್ತು. ಹಾಗಾಗಿ ಸಂತೆಮಾಳ, ಪೇಟೆ ಬೀದಿ, ಊರಿಗೆ ಬರುವ ದಾರಿ ಇವುಗಳ ಮೇಲೆ ಖರ್ಚು ಮಾಡಲು ಸಭೆಗೆ ತನ್ನದೇ ಕಾರಣವಿರುತ್ತಿತ್ತು. 1979ರಲ್ಲಿ ಕರ್ನಾಟಕ ಸರ್ಕಾರ ಜಕಾತಿಯನ್ನು ರದ್ದು ಮಾಡಿ, ಬದಲಿಗೆ ತಾನೇ ಪ್ರವೇಶ ತೆರಿಗೆ ವಸೂಲು ಮಾಡತೊಡಗಿತು. ಪುರಸಭೆಗಳಿಗೆ ಪರಿಹಾರದ ಅನುದಾನ ಕೊಟ್ಟಿತು. ವರ್ತಕರು ಸಂತೋಷಪಟ್ಟರು, ಅವರ ಸಂತೋಷಕ್ಕೆ ಕಾರಣವೂ ಇತ್ತು. ಆದರೆ ಪೌರಾಡಳಿತದ ಚರಿತ್ರೆಯಲ್ಲಿ ನಾನು ಅತ್ಯಂತ ದೊಡ್ಡ ತಿರುವೆಂದು ಕಾಣುವುದು ಈ ವರ್ಷವನ್ನೇ, 1993ರ ಸಂವಿಧಾನ ತಿದ್ದುಪಡಿಯನ್ನಲ್ಲ. ಊರು ದುಡಿದು ಖರ್ಚು ಮಾಡುತ್ತಿದ್ದ ಸಂಸ್ಥೆ ಅಂದಿನಿಂದ ಬೆಂಗಳೂರಿನ ಆದೇಶಕ್ಕೆ ಕಾಯುವ ಸಂಸ್ಥೆಯಾಯಿತು. ಪ್ರವೇಶ ತೆರಿಗೆಯೂ 2017ರ ಜುಲೈನಲ್ಲಿ ಜಿಎಸ್‌ಟಿಯೊಳಗೆ ಕರಗಿತು. ಹಿಂದಿರುಗಿ ಹೋಗುವ ದಾರಿ ಈಗಿಲ್ಲ.

ಎಪ್ಪತ್ತನಾಲ್ಕನೆಯ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಹನ್ನೆರಡನೆಯ ಅನುಸೂಚಿಯಲ್ಲಿ ಪೌರಸಂಸ್ಥೆಗಳಿಗೆ 18 ವಿಷಯಗಳನ್ನು ಪಟ್ಟಿ ಮಾಡಿತು, ರಾಜ್ಯ ಹಣಕಾಸು ಆಯೋಗವನ್ನು (ಎಸ್‌ಎಫ್‌ಸಿ) ಕಡ್ಡಾಯ ಮಾಡಿತು. ಕರ್ನಾಟಕದಲ್ಲಿ ಜಿ. ತಿಮ್ಮಯ್ಯ ಅವರ ಅಧ್ಯಕ್ಷತೆಯ ಮೊದಲ ಆಯೋಗದಿಂದ ಸಿ. ನಾರಾಯಣಸ್ವಾಮಿ ಅವರ ಐದನೆಯ ಆಯೋಗದವರೆಗೆ ಈ ಪರಂಪರೆ ಸಾಗಿ ಬಂದಿದೆ. ಇದರಿಂದ ಬಂದದ್ದೇ ಪುರಸಭೆಯ ಕಚೇರಿಗಳಲ್ಲಿ ದಿನಾ ಕೇಳುವ ‘ಎಸ್‌ಎಫ್‌ಸಿ ಮುಕ್ತನಿಧಿ’, ‘ಎಸ್‌ಎಫ್‌ಸಿ ವಿದ್ಯುತ್’, ‘ಎಸ್‌ಎಫ್‌ಸಿ ವೇತನ’ ಎಂಬ ಲೆಕ್ಕಶೀರ್ಷಿಕೆಗಳು. ಹೆಸರಿನಲ್ಲೇ ಕಥೆ ಇದೆ. ಸಂಬಳದ ಹಣ ಸಂಬಳಕ್ಕೆ, ಕರೆಂಟಿನ ಹಣ ಬೀದಿದೀಪ ಮತ್ತು ನೀರೆತ್ತುವ ಪಂಪುಗಳ ಬಿಲ್ಲಿಗೆ. ಉಳಿದ ಮುಕ್ತನಿಧಿಯಲ್ಲಿ ಮಾತ್ರ ಆಯ್ಕೆಗೆ ಅವಕಾಶ.

ಆ ಅವಕಾಶ ಎಷ್ಟೆಂದು ಒಂದು ನೂರು ರೂಪಾಯಿ ಇಟ್ಟುಕೊಂಡು ನೋಡೋಣ. ಅದರಲ್ಲಿ ಶೇ 24.10 ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡದವರ ಕಲ್ಯಾಣಕ್ಕೆ. ಶೇ 7.25 ಇತರೆ ಬಡವರಿಗೆ. ಶೇ 5 ಅಂಗವಿಕಲರಿಗೆ. ಒಟ್ಟು 36 ರೂಪಾಯಿ 35 ಪೈಸೆ ತೆಗೆದಿಟ್ಟ ಮೇಲೆ ಉಳಿಯುವುದು 63 ರೂಪಾಯಿ 65 ಪೈಸೆ. ಈ ಮೀಸಲನ್ನು ಸಭೆಯ ಸ್ವಾತಂತ್ರ್ಯಕ್ಕೆ ಬಿದ್ದ ಕತ್ತರಿ ಎಂದು ಕೆಲವರು ಗೊಣಗುವುದುಂಟು. ನಾನು ಒಪ್ಪುವುದಿಲ್ಲ. ಕೇರಿಗಳಿಗೆ ದೀಪವೂ ನಲ್ಲಿಯೂ ಕೊನೆಗೆ ತಲುಪುತ್ತಿದ್ದ ದೀರ್ಘ ಚರಿತ್ರೆಗೆ ಸಿಕ್ಕ ಉತ್ತರ ಇದು. 2001ರ ಜನಗಣತಿಯ ಆಧಾರದಲ್ಲಿ ಶೇ 22.75 ಇದ್ದದ್ದು 2011ರ ಜನಗಣತಿಯ ನಂತರ 24.10ಕ್ಕೆ ಏರಿತು. ಅಂದರೆ ಪಾಲು ಜನಸಂಖ್ಯೆಯನ್ನೇ ಅನುಸರಿಸಿದೆ. ಕೊರತೆ ಇರುವುದು ಬೇರೆ ಕಡೆ. ಆ ಪಾಲನ್ನು ಯಾವುದಕ್ಕೆ ಬಳಸಬೇಕೆಂದು ಕೇರಿಯ ಜನರನ್ನೇ ಕೂರಿಸಿ ಕೇಳುವ ಏರ್ಪಾಡು ದುರ್ಬಲವಾಗಿದೆ.

ಕೇಂದ್ರದ ಹಣಕ್ಕೂ ಇಂಥದೇ ಕಟ್ಟು. ಹದಿನೈದನೆಯ ಹಣಕಾಸು ಆಯೋಗ ದೊಡ್ಡ ಮಹಾನಗರಗಳನ್ನು ಬಿಟ್ಟು ಉಳಿದ ಪಟ್ಟಣಗಳಿಗೆ ಕೊಟ್ಟ ಅನುದಾನದಲ್ಲಿ ಶೇ 60 ನಿರ್ಬಂಧಿತ. ಅದರಲ್ಲಿ ಅರ್ಧ ನೈರ್ಮಲ್ಯ ಮತ್ತು ಘನತ್ಯಾಜ್ಯಕ್ಕೆ, ಇನ್ನರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹದಂಥ ಕೆಲಸಗಳಿಗೆ. ಜಗಳೂರಿನಂಥ ಊರಿಗೆ ನೀರಿನ ಕಟ್ಟು ಒಪ್ಪುತ್ತದೆ. ಬರ ಮತ್ತು ಅಂತರ್ಜಲದ ಫ್ಲೋರೈಡ್ ಎರಡನ್ನೂ ಕಂಡ ಸೀಮೆ ಅದು. ತುಂಗಭದ್ರೆಯಿಂದ 57 ಕೆರೆಗಳಿಗೆ ನೀರು ಹರಿಸುವ ಯೋಜನೆಗಾಗಿ ಕಾದು ಕೂತ ಜನ. ಆದರೆ ಹೊಳೆ ಉಕ್ಕಿದಾಗ ದಡದ ಮನೆಗಳಿಗೆ ನೀರು ನುಗ್ಗುವ ಹೊನ್ನಾಳಿಗೆ ಅಗತ್ಯವಿರುವುದು ಮತ್ತೊಂದು ಬಗೆಯ ಕೆಲಸ. ಎರಡೂ ಊರಿಗೆ ಒಂದೇ ಅಳತೆಯ ಸೂತ್ರ ಬರುತ್ತದೆ. ಹಾಳೆಗಳು ಒಂದೇ ರೀತಿ ಕಾಣುವುದು ಹೀಗೆ.

ಸ್ವಂತ ಆದಾಯವೆಂದು ಉಳಿದಿರುವುದು ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಉದ್ದಿಮೆ ಪರವಾನಗಿ, ಸಂತೆ ಸುಂಕದ ಹರಾಜು. 2002ರಲ್ಲಿ ಸ್ವಯಂ ಘೋಷಿತ ಆಸ್ತಿ ತೆರಿಗೆ ಬಂದ ಮೇಲೆ ವಸೂಲಿ ಕ್ರಮಬದ್ಧವಾಯಿತು. ಏಪ್ರಿಲ್‌ನಲ್ಲೇ ಕಟ್ಟಿದವರಿಗೆ ಶೇ 5 ರಿಯಾಯಿತಿ ಎಂಬುದನ್ನು ಎಲ್ಲರೂ ಬಲ್ಲರು. ಕಟ್ಟಿದ ರಸೀದಿಯನ್ನು ಒಮ್ಮೆ ಗಮನಿಸಿ ನೋಡಬೇಕು. ತೆರಿಗೆ 100 ರೂಪಾಯಿಯಾದರೆ ಅದರ ಮೇಲೆ ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3. ಈ 24 ರೂಪಾಯಿ ಪುರಸಭೆಯ ಕೈಯಿಂದ ಬೇರೆ ಇಲಾಖೆಗಳಿಗೆ ದಾಟಬೇಕಾದ ಹಣ. ಜಮಾ ಪುಟದಲ್ಲಿ ಅದೂ ಕಾಣುತ್ತದೆ, ಖರ್ಚಿನ ಪುಟದಲ್ಲೂ ಕಾಣುತ್ತದೆ, ಒಟ್ಟು ಮೊತ್ತವನ್ನು ಉಬ್ಬಿಸುತ್ತದೆ. ಇಷ್ಟು ಕೋಟಿಯ ಬಜೆಟ್ ಎಂಬ ತಲೆಬರಹ ಓದಿ ಹಿಗ್ಗುವ ಮೊದಲು, ಹಾದುಹೋಗುವ ಇಂಥ ಹಣವನ್ನೂ ಹೆಸರು ಕಟ್ಟಿಕೊಂಡು ಬಂದ ಅನುದಾನವನ್ನೂ ಕಳೆದು ನೋಡುವುದು ಒಳ್ಳೆಯದು. ಪ್ರಾರಂಭ ಶಿಲ್ಕನ್ನು ಸೇರಿಸಿ ತೋರಿಸುವ ಉಳಿತಾಯದ ವಿಷಯದಲ್ಲೂ ಅಷ್ಟೇ. ಮುಗಿಯದ ಕಾಮಗಾರಿಯ ಹಣ ಬ್ಯಾಂಕಿನಲ್ಲಿ ಕೂತಿದ್ದರೆ ಅದೂ ಶಿಲ್ಕಿನಲ್ಲೇ ಎಣಿಕೆಯಾಗುತ್ತದೆ.

ಹಾಗಾದರೆ ನಿಜವಾದ ತೀರ್ಮಾನ ಎಲ್ಲಿ ನಡೆಯುತ್ತದೆ? ಲೆಕ್ಕಶಾಖೆ ಹಿಂದಿನ ವರ್ಷದ ಅಂಕಿಗಳ ಮೇಲೆ ಕರಡು ಸಿದ್ಧಪಡಿಸುತ್ತದೆ, ಮುಖ್ಯಾಧಿಕಾರಿ ತಿದ್ದುತ್ತಾರೆ, ಅಧ್ಯಕ್ಷರು ಓದುತ್ತಾರೆ, ಸಭೆ ಅನುಮೋದಿಸುತ್ತದೆ. ಇದು ಆಯವ್ಯಯ. ಯಾವ ವಾರ್ಡಿನ ಯಾವ ಅಡ್ಡರಸ್ತೆಗೆ ಕಾಂಕ್ರೀಟ್ ಎಂಬುದು ಆಮೇಲೆ ಬರುವ ಕ್ರಿಯಾಯೋಜನೆಯಲ್ಲಿ ನಿಗದಿಯಾಗುತ್ತದೆ, ಅದಕ್ಕೆ ಜಿಲ್ಲಾಧಿಕಾರಿಗಳ ಕಚೇರಿಯ ಅನುಮೋದನೆ ಬೇಕು. ನಗರೋತ್ಥಾನದಂಥ ದೊಡ್ಡ ಹಣದ ಯೋಜನೆಯಲ್ಲಿ ಜಿಲ್ಲಾ ಉಸ್ತುವಾರಿ ಸಚಿವರ ಅಧ್ಯಕ್ಷತೆಯ ಸಮಿತಿಯೇ ಕಾಮಗಾರಿಗಳನ್ನು ಒಪ್ಪುತ್ತದೆ. ಶಾಸಕರೂ ಸಂಸದರೂ ಪೌರಸಭೆಯಲ್ಲಿ ಸದಸ್ಯರೇ, ಅವರ ಮಾತಿಗೆ ತೂಕವೂ ಹೆಚ್ಚು. ಬಜೆಟ್ ಸಭೆಯಲ್ಲಿ ಗಂಟಲು ಹರಿದುಕೊಂಡ ವಾರ್ಡ್ ಸದಸ್ಯರು ಕ್ರಿಯಾಯೋಜನೆಯ ಹೊತ್ತಿಗೆ ತಮ್ಮ ಬೀದಿಯ ಹೆಸರಿಗಾಗಿ ಕಚೇರಿ ಅಲೆಯಬೇಕಾಗುವುದು ಇದರಿಂದ.

ಚುನಾಯಿತರೇ ಇಲ್ಲದ ವರ್ಷಗಳ ಮಾತಂತೂ ಬೇರೆಯೇ. 2018ರಲ್ಲಿ ರಾಜ್ಯದ ಹಲವಾರು ಪೌರಸಂಸ್ಥೆಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನಗಳ ಮೀಸಲಾತಿ ನ್ಯಾಯಾಲಯದ ಮೆಟ್ಟಿಲೇರಿದ್ದರಿಂದ ಗೆದ್ದವರು ಸುಮಾರು ಎರಡು ವರ್ಷ ಅಧಿಕಾರವಿಲ್ಲದೆ ಕೂತರು. ಮೊದಲ 30 ತಿಂಗಳ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೆಯ ಅವಧಿಯ ಮೀಸಲಾತಿ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ನಡುವೆ ಆಯವ್ಯಯಕ್ಕೆ ಸಹಿ ಹಾಕಿದವರು ಆಡಳಿತಾಧಿಕಾರಿಗಳು. ಅಮಲ್ದಾರರು ಅಧ್ಯಕ್ಷರಾಗಿದ್ದ ಕಾಲಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಯಾರಾದರೂ ಕೇಳಿದರೆ ಉತ್ತರಿಸುವುದು ಕಷ್ಟ.

ಈ ನಾಲ್ಕರಲ್ಲಿ ನ್ಯಾಮತಿಯ ಪ್ರಸಂಗ ಸಂಶೋಧಕರಿಗೆ ಅತ್ಯಂತ ಮುಖ್ಯ. 1997ರ ಆಗಸ್ಟ್ 15ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ ಆದ ಜೆ.ಎಚ್. ಪಟೇಲರು ಮುಖ್ಯಮಂತ್ರಿಯಾಗಿದ್ದಾಗ ಈ ನಾಲ್ಕೂ ಊರುಗಳನ್ನೊಳಗೊಂಡ ದಾವಣಗೆರೆ ಜಿಲ್ಲೆ ರಚನೆಯಾಯಿತು. ಎರಡು ದಶಕಗಳ ನಂತರ ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ನ್ಯಾಮತಿ ಸೇರಿತು. ಗ್ರಾಮ ಪಂಚಾಯಿತಿ ಇದ್ದ ಊರು ಪಟ್ಟಣ ಪಂಚಾಯಿತಿಯಾಯಿತು. ಬಹುಕಾಲದ ಆಸೆ ಈಡೇರಿತು, ನಿಜ. ಜತೆಗೆ ಕಾನೂನಿನಲ್ಲಿ ಒಂದು ನಷ್ಟವೂ ಆಯಿತು. 1993ರ ಪಂಚಾಯತ್ ರಾಜ್ ಕಾಯ್ದೆಯಂತೆ ಗ್ರಾಮಸ್ಥರಿಗೆ ವಾರ್ಡ್ ಸಭೆ, ಗ್ರಾಮಸಭೆಗಳ ಹಕ್ಕಿದೆ. ಕೆಲಸಗಳ ಪಟ್ಟಿ, ಫಲಾನುಭವಿಗಳ ಆಯ್ಕೆ ಆ ಸಭೆಯ ಮುಂದೆ ಬರಬೇಕು. ಪಟ್ಟಣವಾದ ಕೂಡಲೇ ಈ ಹಕ್ಕು ಹೋಗುತ್ತದೆ, ಉದ್ಯೋಗ ಖಾತ್ರಿಯ ಕೂಲಿಯೂ ನಿಲ್ಲುತ್ತದೆ. ಸಂವಿಧಾನದ 243ಎಸ್ ವಿಧಿ ವಾರ್ಡ್ ಸಮಿತಿಗಳನ್ನು ಕಡ್ಡಾಯ ಮಾಡಿರುವುದು ಮೂರು ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನಸಂಖ್ಯೆಯ ಊರುಗಳಿಗೆ. 2011ರಲ್ಲೇ ನಾಲ್ಕು ಲಕ್ಷ ದಾಟಿದ್ದ ದಾವಣಗೆರೆ ಮಹಾನಗರಕ್ಕೆ ಅದು ಅನ್ವಯಿಸುತ್ತದೆ. ಹಳ್ಳಿಯವರಿಗೆ ಗ್ರಾಮಸಭೆ ಇದೆ, ಮಹಾನಗರದವರಿಗೆ ವಾರ್ಡ್ ಸಮಿತಿ ಇದೆ. ನಡುವಿನ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಜನಕ್ಕೆ ಸಂವಿಧಾನ ಖಾತರಿಪಡಿಸಿದ ಸಭೆ ಯಾವುದೂ ಇಲ್ಲ.

ಇದು ಅನಿವಾರ್ಯವೇನಲ್ಲ. ಕೇರಳ ತನ್ನ 1994ರ ಪೌರಸಭೆ ಕಾಯ್ದೆಯಲ್ಲಿ ಒಂದು ಲಕ್ಷ ಮೀರದ ಪಟ್ಟಣಗಳಿಗೂ ವಾರ್ಡ್ ಸಭೆಯನ್ನು ಒದಗಿಸಿತು, 1996ರಲ್ಲಿ ಆರಂಭವಾದ ಜನಕೀಯ ಯೋಜನೆ ಅಂಥ ಸಭೆಗಳಿಗೆ ಹಣದ ಬಲ ಕೊಟ್ಟಿತು. ಹಾಗಾಗಿ ಕಾಸರಗೋಡು ನಗರಸಭೆಯ ಕನ್ನಡಿಗನಿಗೆ ಇರುವ ಹಕ್ಕು ಹೊನ್ನಾಳಿಯ ಕನ್ನಡಿಗನಿಗೆ ಇಲ್ಲ. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರ 1989ರಿಂದ ಬಡಾವಣೆಯ ಸಭೆಗಳಲ್ಲಿ ಜನರಿಂದಲೇ ಕಾಮಗಾರಿಗಳ ಆದ್ಯತೆ ಪಡೆದದ್ದು ಜಗತ್ತಿಗೆಲ್ಲ ಮಾದರಿಯಾಯಿತು. ನಮಗೆ ಅಷ್ಟು ದೂರ ಹೋಗಬೇಕಿಲ್ಲ, ಗಡಿಯಾಚೆ ನೋಡಿದರೆ ಸಾಕು.

ನಮ್ಮಲ್ಲಿ ಉಳಿದಿರುವ ಒಂದೇ ಬಾಗಿಲು 2006ರ ಪೌರಸಭೆಗಳ ಲೆಕ್ಕಪತ್ರ ಮತ್ತು ಆಯವ್ಯಯ ನಿಯಮಗಳದು. ದ್ವಿನಮೂದು ಲೆಕ್ಕಪದ್ಧತಿಯನ್ನು ತಂದ ಆ ನಿಯಮಗಳು, ಆಯವ್ಯಯ ಮಂಡಿಸುವ ಮೊದಲು ಸಾರ್ವಜನಿಕರ ಸಮಾಲೋಚನೆ ನಡೆಸಬೇಕೆಂದೂ ಹೇಳಿದವು. ‘ಬಜೆಟ್ ಪೂರ್ವಭಾವಿ ಸಭೆ’ ಎಂಬ ನೋಟಿಸು ಬರುವುದು ಇದರಿಂದಲೇ. ಈ ಸಭೆಗಳಿಗೆ ಬರುವವರು ಕಡಿಮೆ. ಬಂದವರು ಹೇಳುವ ಮಾತುಗಳಂತೂ ಖಚಿತ: ಹಂದಿ–ನಾಯಿಗಳ ಕಾಟ, ಬಸ್ ನಿಲ್ದಾಣದ ಶೌಚಾಲಯ, ಸ್ಮಶಾನದ ದಾರಿ, ಬೀದಿಬದಿ ವ್ಯಾಪಾರಿಗಳಿಗೆ ಜಾಗ, ಹೂಳು ತುಂಬಿದ ರಾಜಕಾಲುವೆ. ನಿರ್ಬಂಧವಿಲ್ಲದ ಸಣ್ಣ ಮೊತ್ತದಲ್ಲೇ ಆಗಬಹುದಾದ ಕೆಲಸಗಳು ಇವುಗಳಲ್ಲಿ ಹಲವು. ಆದರೆ ಸಲಹೆ ದಾಖಲಾದ ಮೇಲೆ ಅದಕ್ಕೆ ಏನಾಯಿತೆಂದು ಹೇಳುವ ಕಟ್ಟುಪಾಡು ರೂಢಿಯಲ್ಲಿಲ್ಲ. ಬಂದವರು ಮರುವರ್ಷ ಬಾರದಿರುವುದಕ್ಕೆ ಇದೇ ಕಾರಣವೆಂದು ನನ್ನ ತಿಳಿವಳಿಕೆ.

ಮಾಡಬೇಕಾದ ಕೆಲಸ ಎರಡಿವೆ. 1964ರ ಕಾಯ್ದೆಗೆ ತಿದ್ದುಪಡಿ ತಂದು ಸಣ್ಣ ಪಟ್ಟಣಗಳಿಗೂ ವಾರ್ಡ್ ಸಭೆಯನ್ನು ಕಡ್ಡಾಯ ಮಾಡುವುದು ಶಾಸಕರ ಕೈಯಲ್ಲಿದೆ. ಇನ್ನೊಂದಕ್ಕೆ ಯಾರ ಅಪ್ಪಣೆಯೂ ಬೇಡ. ಕಳೆದ ವರ್ಷ ಜನ ಕೇಳಿದ್ದೇನು, ಆಯವ್ಯಯದಲ್ಲಿ ಸೇರಿದ್ದೇನು, ಕ್ರಿಯಾಯೋಜನೆಯಲ್ಲಿ ಉಳಿದದ್ದೇನು, ನೆಲದ ಮೇಲೆ ಆದದ್ದೇನು ಎಂಬ ನಾಲ್ಕು ಕಾಲಮುಗಳ ಒಂದು ಹಾಳೆಯನ್ನು ಮುದ್ರಿಸಿ ಪೂರ್ವಭಾವಿ ಸಭೆಯಲ್ಲಿ ಹಂಚುವುದು. ಮುಖ್ಯಾಧಿಕಾರಿ ಮನಸ್ಸು ಮಾಡಿದರೆ ಇದು ಈ ವರ್ಷವೇ ಆಗುವ ಕೆಲಸ. ನಾಲ್ಕೂ ಪಟ್ಟಣಗಳ ಓದುಗರು ಮುಂದಿನ ನೋಟಿಸು ಕಂಡ ದಿನ ಕಚೇರಿಗೆ ಹೋಗಿ, ಕಳೆದ ವರ್ಷದ ಆಯವ್ಯಯದ ಪುಸ್ತಕವನ್ನೂ ಕ್ರಿಯಾಯೋಜನೆಯ ಪ್ರತಿಯನ್ನೂ ಕೇಳಿ ಪಡೆಯಬೇಕು, ಎರಡನ್ನೂ ಕೈಯಲ್ಲಿ ಹಿಡಿದು ಸಭೆಗೆ ಬರಬೇಕು ಎಂದು ವಿನಂತಿಸುತ್ತೇನೆ.