ರೇಡಿಯಲ್ ಟರ್ಬೊಚಾರ್ಜರ್

ಡೀಸೆಲ್ ಎಂಜಿನ್ ಹೊರಬಿಡುವ ಬಿಸಿ ಹೊಗೆಯ ಬಲದಿಂದಲೇ ಆ ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಸಾಧನ. ಒಂದೇ ಶಾಫ್ಟಿನ ಒಂದು ತುದಿಗೆ ಹೊಗೆ ತಿರುಗಿಸುವ ಟರ್ಬೈನ್ ಚಕ್ರ, ಇನ್ನೊಂದು ತುದಿಗೆ ಗಾಳಿ ಒತ್ತುವ ಕಂಪ್ರೆಸರ್ ಚಕ್ರ. ಹೊಗೆ ಟರ್ಬೈನಿನ ಅಂಚಿನಿಂದ ನುಗ್ಗಿ ನಡುವಿನತ್ತ ಹರಿದು ಹೊರಬೀಳುವುದರಿಂದ ಇದು ರೇಡಿಯಲ್. ಕಾರು, ಲಾರಿ, ಟ್ರ್ಯಾಕ್ಟರ್, ಜನರೇಟರ್‌ಗಳಲ್ಲಿ ಕಾಣುವುದು ಈ ಬಗೆ. ಹಡಗಿನ ಭಾರಿ ಎಂಜಿನ್ನುಗಳಲ್ಲಿ ಹೊಗೆ ಶಾಫ್ಟಿನ ಉದ್ದಕ್ಕೆ ಹರಿಯುವ ಆಕ್ಸಿಯಲ್ ಟರ್ಬೈನೇ ಹೆಚ್ಚು.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಹೊಗೆಯ ಬಲದಿಂದ ಗಾಳಿ ಒತ್ತುವ ಉಪಾಯಕ್ಕೆ ಪೇಟೆಂಟ್ ಪಡೆದಿದ್ದರು. ಆದರೆ ಕಾದ ಹೊಗೆಯಲ್ಲಿ ಅಷ್ಟು ವೇಗವಾಗಿ ತಿರುಗಿ ಉಳಿಯುವ ಲೋಹ ಆಗ ಇರಲಿಲ್ಲ. ಸುಮಾರು ಇಪ್ಪತ್ತು ವರ್ಷದ ಮೇಲೆ ಪ್ರಾಯ್ಸೆನ್, ಹಾನ್ಸೆಸ್ಟಾಟ್ ಡಾನ್ಸಿಗ್ ಎಂಬ ಎರಡು ಜರ್ಮನ್ ಹಡಗುಗಳಿಗೆ ಟರ್ಬೊ ಅಳವಡಿಸಿದಾಗ ಎಂಜಿನ್ನಿನ ಶಕ್ತಿ 1,750ರಿಂದ 2,500 ಅಶ್ವಶಕ್ತಿಗೇರಿತು. ಸ್ವಿಸ್ ಕಂಪನಿ ಸೌರರ್ 1938ರಲ್ಲಿ ಟರ್ಬೊವನ್ನು ಲಾರಿಗೆ ತಂದಿತು. 1978ರ ಮರ್ಸಿಡಿಸ್ 300 ಎಸ್‌ಡಿ ಟರ್ಬೊ ಡೀಸೆಲ್ಲಿನ ಮೊದಲ ಕಾರು.

ಸಣ್ಣ ಎಂಜಿನ್ನಿಗೆ ರೇಡಿಯಲ್ ಯಾಕೆ? ಆಕ್ಸಿಯಲ್ ಟರ್ಬೈನನ್ನು ಕುಗ್ಗಿಸಿದರೆ ಅಲಗುಗಳು ಗಿಡ್ಡವಾಗುತ್ತವೆ, ಅಲಗಿನ ತುದಿಗೂ ಕವಚಕ್ಕೂ ನಡುವಿನ ಸಂದು ಮಾತ್ರ ಅದೇ ಪ್ರಮಾಣದಲ್ಲಿ ಕುಗ್ಗುವುದಿಲ್ಲ. ಹೊಗೆ ಅಲ್ಲೇ ನುಸುಳಿ ಪೋಲಾಗುತ್ತದೆ. ರೇಡಿಯಲ್ ಚಕ್ರಕ್ಕೆ ಈ ತೊಂದರೆ ಕಡಿಮೆ. ಜೊತೆಗೆ, ನಿಕ್ಕಲ್ ಮಿಶ್ರಲೋಹದಲ್ಲಿ ಮೇಣದ ಅಚ್ಚಿನಿಂದ ಇಡೀ ಚಕ್ರವನ್ನು ಒಂದೇ ತುಂಡಾಗಿ ಎರಕ ಹೊಯ್ಯಬಹುದು. ಅಗ್ಗವಾದದ್ದು ಹೀಗೆ. ಕಾರಿನ ಟರ್ಬೊದ ಚಕ್ರ ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದು, ನಿಮಿಷಕ್ಕೆ ಎರಡು ಲಕ್ಷ ಸುತ್ತಿನ ಆಸುಪಾಸು ತಿರುಗುತ್ತದೆ. ಸಾಮಾನ್ಯವಾಗಿ ಅದನ್ನು ಹೊರುವುದು ಬಾಲ್ ಬೇರಿಂಗ್ ಅಲ್ಲ, ಆಯಿಲ್ ಪದರದಲ್ಲಿ ತೇಲುವ ಬುಷ್.

ಗಾಳಿ ಒತ್ತುವ ಕಂಪ್ರೆಸರುಗಳು ಬೇರೆ ಬಗೆಯವೂ ಇವೆ. ಕೊಯಮತ್ತೂರಿನ ಸಿಂಗಾನಲ್ಲೂರು ಅಂಥವಕ್ಕೆ ಹೆಸರಾದ ಜಾಗ. 1960ರಲ್ಲಿ ಹುಟ್ಟಿದ ಕಂಪ್ರೆಸರ್ ಕಂಪನಿ ಎಲ್ಗಿ ಎಕ್ವಿಪ್‌ಮೆಂಟ್ಸ್ ಇರುವುದು ಇಲ್ಲಿನ ತಿರುಚ್ಚಿ ರಸ್ತೆಯಲ್ಲಿ. ಪಿಸ್ಟನ್, ಸ್ಕ್ರೂ ಕಂಪ್ರೆಸರುಗಳು ಗಾಳಿಯನ್ನು ಇರುಕಿನಲ್ಲಿ ಸಿಕ್ಕಿಸಿ ಹಿಂಡುತ್ತವೆ. ಟರ್ಬೊದ ಕಂಪ್ರೆಸರ್ ಹಾಗಲ್ಲ, ಗಾಳಿಯನ್ನು ಅಂಚಿಗೆ ವೇಗವಾಗಿ ಎಸೆಯುತ್ತದೆ; ಮುಂದೆ ದಾರಿ ಅಗಲವಾದಂತೆ ವೇಗ ತಗ್ಗಿ ಒತ್ತಡ ಏರುತ್ತದೆ. ಬೋರ್‌ವೆಲ್ ಲಾರಿಯಲ್ಲಿ ಎರಡನ್ನೂ ಒಟ್ಟಿಗೆ ನೋಡಬಹುದು: ಟರ್ಬೊ ಹಾಕಿದ ಡೀಸೆಲ್ ಎಂಜಿನ್ ಸ್ಕ್ರೂ ಕಂಪ್ರೆಸರನ್ನು ಓಡಿಸುತ್ತದೆ, ಆ ಗಾಳಿ ಕೊಳವೆಯಿಂದ ಕಲ್ಲುಪುಡಿಯನ್ನು ಮೇಲಕ್ಕೆ ಊದುತ್ತದೆ.

ಟರ್ಬೊದ ಗುಣ, ದೋಷ ಎರಡೂ ತಿಳಿಯುವುದು ಘಾಟಿಯಲ್ಲಿ. ಕೊಯಮತ್ತೂರಿನಿಂದ ಸತ್ಯಮಂಗಲದ ಮೇಲೆ ಚಾಮರಾಜನಗರಕ್ಕೆ ಬರುವ ಲಾರಿ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವು ಹತ್ತಬೇಕು. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಟರ್ಬೊ ಇನ್ನಷ್ಟು ವೇಗವಾಗಿ ತಿರುಗಿ ಆ ಕೊರತೆಯನ್ನು ಬಹುಮಟ್ಟಿಗೆ ತುಂಬುತ್ತದೆ. ಆದರೆ ಪ್ರತಿ ತಿರುವಿನಲ್ಲೂ ಚಾಲಕ ಆಕ್ಸಿಲರೇಟರ್ ಬಿಟ್ಟಾಗ ಹೊಗೆ ಇಳಿಯುತ್ತದೆ, ಚಕ್ರದ ವೇಗ ಕುಸಿಯುತ್ತದೆ. ಮತ್ತೆ ಒತ್ತಿದರೂ ಪಿಕಪ್ ಒಂದೆರಡು ಕ್ಷಣ ತಡ. ಚಕ್ರ ಚಿಕ್ಕದಾದರೆ ಬೇಗ ಎದ್ದೇಳುತ್ತದೆ, ಆದರೆ ಎಂಜಿನ್ ವೇಗ ಏರಿದಾಗ ಮಿತಿಮೀರಿ ತಿರುಗುತ್ತದೆ. ಇದಕ್ಕೆ ಮೊದಲ ಉಪಾಯ ಹೆಚ್ಚಾದ ಹೊಗೆಯನ್ನು ಪಕ್ಕದಿಂದ ಬಿಟ್ಟುಬಿಡುವ ವೇಸ್ಟ್‌ಗೇಟ್. 1990ರ ದಶಕದಿಂದ ಡೀಸೆಲ್ ಕಾರುಗಳಲ್ಲಿ ಹರಡಿದ ವೇರಿಯಬಲ್ ಜಿಯೋಮೆಟ್ರಿ ಇನ್ನೂ ಜಾಣತನದ್ದು: ಟರ್ಬೈನಿನ ಸುತ್ತಲ ರೆಕ್ಕೆಗಳು ಹೊಗೆ ಕಡಿಮೆ ಇದ್ದಾಗ ಸಂದು ಕಿರಿದು ಮಾಡಿ ವೇಗ ಹೆಚ್ಚಿಸುತ್ತವೆ, ಹೆಚ್ಚಿದ್ದಾಗ ತೆರೆದುಕೊಳ್ಳುತ್ತವೆ. ಮಾರುತಿ ಸ್ವಿಫ್ಟ್‌ನಲ್ಲಿ 75 ಅಶ್ವಶಕ್ತಿ ಕೊಟ್ಟ 1,248 ಸಿಸಿ ಡೀಸೆಲ್ ಎಂಜಿನ್ನು ಎರ್ಟಿಗಾದಲ್ಲಿ ಇಂಥ ಟರ್ಬೊ ಪಡೆದು 90ಕ್ಕೆ ಏರಿತು.

ಭಾರತದಲ್ಲಿ ಟರ್ಬೊ ತಯಾರಿಸುವ ಚೆನ್ನೈನ ಟರ್ಬೊ ಎನರ್ಜಿ ಸ್ಥಾಪನೆಯಾದದ್ದು 1982ರಲ್ಲಿ. ಹೊಗೆ ನಿಯಮಗಳು ಬಿಗಿಯಾದಂತೆ ಟರ್ಬೊ ಇಲ್ಲದ ಡೀಸೆಲ್ ವಾಹನವೇ ಅಪರೂಪವಾಯಿತು.

ಟರ್ಬೊ ಕೆಡುವುದಕ್ಕೆ ಬಹುಪಾಲು ಕಾರಣ ಆಯಿಲ್. ಘಾಟಿ ಹತ್ತಿದ ಕೂಡಲೇ ಎಂಜಿನ್ ಆರಿಸಿದರೆ ಆಯಿಲ್ ಹರಿಯುವುದು ನಿಲ್ಲುತ್ತದೆ, ಟರ್ಬೈನಿನ ಕಾವು ಬುಷ್‌ಗೆ ಇಳಿದು ಅಲ್ಲಿ ಉಳಿದ ಆಯಿಲ್ ಕರಕಾಗುತ್ತದೆ. ಲಾರಿ ನಿಲ್ಲಿಸಿ ಒಂದೆರಡು ನಿಮಿಷ ಎಂಜಿನ್ ಓಡಲು ಬಿಡಿ, ಆಮೇಲೆ ಆರಿಸಿ.