ಟಾರ್ಚಿನ ಹಿಂಬದಿಯ ಮುಚ್ಚಳ

ಕುಮಾರಪರ್ವತದ ಬುಡದ ಸುಬ್ರಹ್ಮಣ್ಯ ಸೀಮೆಯಲ್ಲಿ ತೋಟಕ್ಕೊಂದು ಮನೆ. ಮನೆಮನೆಗಳ ನಡುವೆ ಗುಡ್ಡ, ತೋಡು, ಸಂಕ. ರಾತ್ರಿ ಭೂತಕೋಲಕ್ಕೋ ಯಕ್ಷಗಾನದ ಆಟಕ್ಕೋ ಹೊರಟವರು ಹಿಂದೆ ನಂಬಿದ್ದು ಒಣ ತೆಂಗಿನ ಗರಿಯ ಸೂಟೆಯನ್ನು. ಬೀಸುತ್ತ ನಡೆದರೆ ಉರಿ, ನಿಂತರೆ ಹೊಗೆ, ಮಳೆ ಬಂದರೆ ಎರಡೂ ಇಲ್ಲ. ಆ ಕೈಗೆ ಎರಡು ಸೆಲ್ಲಿನ ಟಾರ್ಚು ಬಂದಾಗ ಮಳೆಗಾಲದ ರಾತ್ರಿಯೂ ನಡೆಯಬಹುದಾದ ರಾತ್ರಿಯಾಯಿತು.

ಕೊಳವೆಯೊಳಗೆ ಸೆಲ್ಲುಗಳನ್ನು ಒಂದರ ಹಿಂದೊಂದು ಜೋಡಿಸುವ ಟಾರ್ಚಿಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದು 1899ರಲ್ಲಿ. ಎವರೆಡಿ ಸೆಲ್ಲು 1905ರಲ್ಲಿ ಆಮದಾಗಿ ಭಾರತಕ್ಕೆ ಬಂತು. 1939ರಲ್ಲಿ ಕೋಲ್ಕತ್ತದಲ್ಲೇ ಕಾರ್ಖಾನೆ ಶುರುವಾಯಿತು. ಮುಂದೆ ಆ ಕಂಪನಿಯ ಹೆಸರು ಯೂನಿಯನ್ ಕಾರ್ಬೈಡ್ ಇಂಡಿಯಾ ಎಂದಾಯಿತು. 1984ರ ಭೋಪಾಲ ದುರಂತದ ಕಾರ್ಖಾನೆಯೂ ಇದೇ ಕಂಪನಿಯದು. ಸೆಲ್ಲಿನ ಚರಿತ್ರೆ ಬರೆಯುವಾಗ ಅದನ್ನು ದಾಟಿಹೋಗುವಂತಿಲ್ಲ.

ಟಾರ್ಚನ್ನು ಹಳ್ಳಿಯಲ್ಲಿ ಉಳಿಸಿದ್ದು ಅದರ ಹಿಂಬದಿಯ ಮುಚ್ಚಳ. ತಿರುಗಿಸಿದರೆ ಸ್ಪ್ರಿಂಗು, ಎಷ್ಟೋ ಟಾರ್ಚುಗಳಲ್ಲಿ ಅಲ್ಲೇ ಒಂದು ಹೆಚ್ಚುವರಿ ಬಲ್ಬು. ಸೆಲ್ಲಿನ ಅಳತೆ ಎಲ್ಲ ಕಂಪನಿಗೂ ಒಂದೇ ಆದ್ದರಿಂದ ಎವರೆಡಿ ಸಿಗದಿದ್ದರೆ ನಿಪ್ಪೋ ಹಾಕಿದರಾಯಿತು. ಬೆಳಕು ಮಂಕಾದರೆ ಸೆಲ್ಲನ್ನು ಬಿಸಿಲಿಗಿಟ್ಟು ಇನ್ನೊಂದೆರಡು ರಾತ್ರಿ ದೂಡುತ್ತಿದ್ದರು. ಅದು ಮೂಢನಂಬಿಕೆಯಲ್ಲ: ಬೆಚ್ಚಗಾದ ಸೆಲ್ಲಿನಲ್ಲಿ ರಾಸಾಯನಿಕ ಕ್ರಿಯೆ ತುಸು ಚುರುಕಾಗುತ್ತದೆ. ಸತ್ತ ಸೆಲ್ಲನ್ನು ಒಡೆದರೆ ಸಿಗುವ ಕರಿ ಕಡ್ಡಿ ಮಕ್ಕಳ ಸೊತ್ತು. ಸೆಲ್ಲು ಬದಲಿಸುವ ಈ ಅನುಕೂಲಕ್ಕೆ ದಂಡವೂ ಇತ್ತು. ಈ ಸೆಲ್ಲಿನ ಸತುವಿನ ಹೊರಕವಚವೇ ವಿದ್ಯುತ್ ಕೊಡುತ್ತ ಸವೆಯುತ್ತದೆ. ಸವೆದು ತೂತಾದರೆ ಒಳಗಿನ ರಸ ಸೋರಿ ಟಾರ್ಚನ್ನೇ ತಿನ್ನುತ್ತದೆ. ಮರೆತು ಮೂಲೆಯಲ್ಲಿಟ್ಟ ಟಾರ್ಚುಗಳು ಹೀಗೆಯೇ ಹಾಳಾದವು.

1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ಟ್ರಾನ್ಸಿಸ್ಟರ್ ಕೂಡ ಸೆಲ್ಲಿಗೆ ಪಾಲುದಾರನಾಯಿತು. 1979ರಲ್ಲಿ ಮಂಗಳೂರು–ಹಾಸನ ರೈಲು ಹಳಿ ತೆರೆಯಿತು. ಸಕಲೇಶಪುರದಿಂದ ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಘಾಟಿಯಲ್ಲಿ 57 ಸುರಂಗಗಳಿವೆ. ಮಳೆಗಾಲದಲ್ಲಿ ಗುಡ್ಡ ಜರಿದಿದೆಯೇ ಎಂದು ರಾತ್ರಿ ಹಳಿಯುದ್ದಕ್ಕೂ ನಡೆಯುವ ಕಾವಲಿನವರಿಗೆ ಕೈದೀಪವೇ ಜೀವರಕ್ಷೆ.

ಆಮೇಲೆ ಬಂದದ್ದು ಚಾರ್ಜಿನ ಟಾರ್ಚು. ಹೊಟ್ಟೆಯೊಳಗೇ ಬ್ಯಾಟರಿ, ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿದರೆ ಸಾಕು, ಸೆಲ್ಲಿನ ಖರ್ಚಿಲ್ಲ. ಆದರೆ ಗಾಳಿಮಳೆಗೆ ಮರ ಬಿದ್ದು ತಂತಿ ಕಡಿದು ಕರೆಂಟು ಹೋದಾಗಲೇ ಈ ಊರಿಗೆ ಟಾರ್ಚು ಬೇಕು. ಬ್ಯಾಟರಿ ಸತ್ತರಂತೂ ಬಲ್ಬು, ಗುಂಡಿ, ಮೈ ಎಲ್ಲ ಸರಿಯಿದ್ದೂ ಇಡೀ ಟಾರ್ಚು ಗುಜರಿಗೆ. ಇದು ನಿಜವಾದ ನಷ್ಟ.

ಇದೇ ತಕರಾರು ಇಂದು ವಿಡಿಯೋ ಗೇಮ್ ಆಡುವವರ ಕೈಯಲ್ಲಿದೆ. ಲಿಥಿಯಂ–ಅಯಾನ್ ಬ್ಯಾಟರಿಯನ್ನು 1991ರಲ್ಲಿ ಮೊದಲು ಮಾರುಕಟ್ಟೆಗೆ ತಂದ ಸೋನಿ, 2006ರ ಪ್ಲೇಸ್ಟೇಷನ್ 3ರ ವೈರ್‌ಲೆಸ್ ಕಂಟ್ರೋಲರ್‌ನೊಳಗೆ ಬ್ಯಾಟರಿಯನ್ನು ಮುಚ್ಚಿಟ್ಟಿತು. ಅದರ ಹಿಂದಿನ ವರ್ಷ ಬಂದ ಎಕ್ಸ್‌ಬಾಕ್ಸ್ 360ರ ಕಂಟ್ರೋಲರ್ ಅಂಗಡಿಯಲ್ಲಿ ಸಿಗುವ ಎರಡು ಎಎ ಸೆಲ್ಲಿನಲ್ಲೇ ನಡೆಯಿತು. 2020ರ ಹೊಸ ಮಾದರಿಗಳಲ್ಲೂ ಎರಡೂ ಕಂಪನಿಗಳು ಪಟ್ಟು ಬಿಡಲಿಲ್ಲ. ಯುರೋಪಿನ 2023ರ ಕಾನೂನಿನಂತೆ 2027ರ ಫೆಬ್ರುವರಿ 18ರಿಂದ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಇಂಥ ಸಾಧನಗಳ ಬ್ಯಾಟರಿಯನ್ನು ಬಳಸುವವರೇ ತೆಗೆಯುವಂತಿರಬೇಕು. ಭಾರತದ 2022ರ ನಿಯಮಗಳು ಹಳೆ ಬ್ಯಾಟರಿಗಳ ಸಂಗ್ರಹದ ಹೊಣೆಯನ್ನು ತಯಾರಕರಿಗೆ ವಹಿಸಿವೆ.

ಚಾರ್ಜು ಮಾಡುವುದಕ್ಕೂ ಬದಲಿಸುವುದಕ್ಕೂ ಮೂಲತಃ ಜಗಳವೇ ಇಲ್ಲ. ಸುಳ್ಯ, ಪುತ್ತೂರು, ಕಡಬದ ರಬ್ಬರ್ ತೋಟಗಳಲ್ಲಿ ಬೆಳಕು ಹರಿಯುವ ಮೊದಲೇ ಟ್ಯಾಪಿಂಗ್ ಶುರುವಾಗುತ್ತದೆ. ಎರಡೂ ಕೈಗೆ ಕೆಲಸವಿರುವವರಿಗೆ ದೀಪ ತಲೆಯ ಮೇಲೇ ಇರಬೇಕು. ಇಂಥ ಹೆಡ್‌ಲೈಟುಗಳಲ್ಲಿ ಈಗ ಮುಚ್ಚಳ ತೆರೆದು ಸೆಲ್ಲು ತೆಗೆಯುವ ಮಾದರಿಗಳೂ ಸಿಗುತ್ತವೆ. ಒಳಗಿರುವುದು 18 ಮಿ.ಮೀ. ದಪ್ಪ, 65 ಮಿ.ಮೀ. ಉದ್ದದ ಲಿಥಿಯಂ ಸೆಲ್ಲು: ಒಂದನ್ನು ಉರಿಸುತ್ತಿರುವಾಗ ಇನ್ನೊಂದನ್ನು ಚಾರ್ಜಿಗಿಡಬಹುದು, ಸತ್ತರೆ ಅದೇ ಅಳತೆಯದನ್ನು ಕೊಂಡು ಹಾಕಬಹುದು.